ನೈಜೀರಿಯಾದ ನೆತ್ತರು, ನಮ್ಮ ಪ್ರಾರ್ಥನೆ

2022ನೆಯ ಇಸವಿಯ ಜೂನ್ 5, ಪೆಂತೆಕೋಸ್ತ್ ಹಬ್ಬದ ಭಾನುವಾರ. ನೈಜೀರಿಯಾ ದೇಶದ ನೈಋತ್ಯ ಭಾಗದಲ್ಲಿರುವ ಓವೊ ಪಟ್ಟಣದ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇವಾಲಯದಲ್ಲಿ ಬಲಿಪೂಜೆ ಮುಗಿಯುತ್ತ ಬಂದಿತ್ತು. ಭಕ್ತಾದಿಗಳು ಮನೆಗೆ ಹೊರಡುವ ಹೊತ್ತಿಗೆ ಬಂದೂಕುಧಾರಿಗಳು ನುಗ್ಗಿದರು. ಗುಂಡು ಹಾರಿಸಿದರು, ಸ್ಫೋಟಕಗಳನ್ನು ಸಿಡಿಸಿದರು. ಕನಿಷ್ಠ 40 ಮಂದಿ ದೇವಾಲಯದ ನೆಲದ ಮೇಲೆಯೇ ಪ್ರಾಣಬಿಟ್ಟರು. ಅವರಲ್ಲಿ ಮಕ್ಕಳೂ ಇದ್ದರು. ಗೋವೆಯಲ್ಲಿ ಯಾರ ಪಾರ್ಥಿವ ಶರೀರವನ್ನು ಕಾಣಲು ನಮ್ಮ ಕರಾವಳಿಯ ಕುಟುಂಬಗಳು ತಲೆಮಾರುಗಳಿಂದ ಹೋಗಿಬರುತ್ತಿವೆಯೋ, ಯಾರ ಹೆಸರನ್ನು ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಇಟ್ಟಿದ್ದೇವೆಯೋ, ಆ ಸಂತರ ಹೆಸರಿನ ದೇವಾಲಯವದು. ಆ ವಾರ ನಮ್ಮ ಧರ್ಮಕೇಂದ್ರಗಳಲ್ಲಿಯೂ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಓವೊ ಎಂಬ ಅಪರಿಚಿತ ಹೆಸರು ಕೇಳಿಬಂತು.

ಅದಕ್ಕೂ ಮುಂಚೆ, ಅದರ ನಂತರ, ನೈಜೀರಿಯಾದಿಂದ ಬಂದ ಇಂತಹ ಸುದ್ದಿಗಳಿಗೆ ಲೆಕ್ಕವಿಲ್ಲ. ಸುದ್ದಿಯೊಂದಿಗೆ ಚಿತ್ರಗಳೂ ನಮ್ಮ ಕೈಯಲ್ಲಿರುವ ಮೊಬೈಲುಗಳಿಗೆ ಬಂದು ಬೀಳುತ್ತವೆ. ಚಿತ್ರದ ಕೆಳಗೆ ಒಂದು ಸಾಲಿನ ತೀರ್ಪೂ ಇರುತ್ತದೆ: ಮುಸಲ್ಮಾನರು ಕ್ರೈಸ್ತರನ್ನು ಮುಗಿಸುತ್ತಿದ್ದಾರೆ. ಇನ್ನೊಂದು ಕಡೆಯಿಂದ ವಿದ್ಯಾವಂತರ ತೀರ್ಪು ಬರುತ್ತದೆ: ಇದಕ್ಕೂ ಧರ್ಮಕ್ಕೂ ಸಂಬಂಧವಿಲ್ಲ, ಇದು ಹುಲ್ಲುಗಾವಲಿನ ಜಗಳ, ಬಡತನದ ಜಗಳ. ಯಾವುದನ್ನು ನಂಬಬೇಕು?

ನಮ್ಮ ಗೊಂದಲವನ್ನು ಹೆಚ್ಚಿಸುವ ಸಂಗತಿಯೆಂದರೆ ನೈಜೀರಿಯಾದ ಧರ್ಮಾಧ್ಯಕ್ಷರೇ ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತನಾಡಿಲ್ಲ. ಮಕುರ್ಡಿಯ ಧರ್ಮಾಧ್ಯಕ್ಷರಾದ ವಿಲ್ಫ್ರೆಡ್ ಅನಾಗ್ಬೆಯವರು 2025ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು, ತಮ್ಮ ಜನ ಕ್ರೈಸ್ತರೆಂಬ ಕಾರಣಕ್ಕೆ ಊರು ಬಿಡಬೇಕಾಗಿದೆ ಎಂದು ಸಾಕ್ಷ್ಯ ನುಡಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೊಕೋಟೊದ ಧರ್ಮಾಧ್ಯಕ್ಷರಾದ ಮ್ಯಾಥ್ಯೂ ಕುಕಾ ರೋಮಿನಲ್ಲಿ ಮಾತನಾಡುತ್ತ, ಧಾರ್ಮಿಕ ಸ್ವಾತಂತ್ರ್ಯವನ್ನು ಹತ್ತಿಕ್ಕುವ ದೇಶಗಳ ಪಟ್ಟಿಗೆ ಅಮೆರಿಕವು ನೈಜೀರಿಯಾವನ್ನು ಸೇರಿಸಿದರೆ ಅಲ್ಲಿನ ಸಂವಾದದ ಕೆಲಸ ಮತ್ತಷ್ಟು ಕಷ್ಟವಾಗುತ್ತದೆ ಎಂಬ ಅಭಿಪ್ರಾಯವನ್ನು ಮುಂದಿಟ್ಟರು. ಅದೇ ಸಮಾರಂಭದ ಹೊತ್ತಿಗೆ ವ್ಯಾಟಿಕನ್ನಿನ ಕಾರ್ಯದರ್ಶಿ ಕಾರ್ಡಿನಲ್ ಪರೋಲಿನ್ ಅವರು ಇದು ಧರ್ಮಗಳ ನಡುವಿನ ಕಲಹಕ್ಕಿಂತ ಹೆಚ್ಚಾಗಿ ಸಾಮಾಜಿಕ ಕಲಹ, ಇದರಲ್ಲಿ ಮುಸಲ್ಮಾನರೂ ಬಲಿಯಾಗಿದ್ದಾರೆ ಎಂದಾಗ ಹಲವು ಕ್ರೈಸ್ತರಿಗೆ ನೋವಾಯಿತು. ಅಕ್ಟೋಬರ್ ತಿಂಗಳ ಕೊನೆಯ ದಿನ ಅಧ್ಯಕ್ಷ ಟ್ರಂಪ್ ನೈಜೀರಿಯಾವನ್ನು ಆ ಪಟ್ಟಿಗೆ ಸೇರಿಸಿದುದಾಗಿ ಘೋಷಿಸಿದರು. ಕ್ರಿಸ್ತಜಯಂತಿಯ ದಿನವೇ ಅಮೆರಿಕದ ಸೇನೆ ಸೊಕೋಟೊ ರಾಜ್ಯದಲ್ಲಿ ಉಗ್ರರ ನೆಲೆಗಳ ಮೇಲೆ ದಾಳಿ ನಡೆಸಿತು.

ಇಬ್ಬರು ಧರ್ಮಾಧ್ಯಕ್ಷರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆಯೆ? ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಅವರಿಬ್ಬರೂ ನಿಂತಿರುವ ನೆಲ ಬೇರೆ ಬೇರೆ. ಅದನ್ನು ಅರಿಯಬೇಕಾದರೆ ಆ ದೇಶವನ್ನು ಕಟ್ಟಿದ ಬಗೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಇಂದಿನ ನೈಜೀರಿಯಾದ ಉತ್ತರ ಭಾಗದಲ್ಲಿ 1804ರಲ್ಲಿ ಉಸ್ಮಾನ್ ದಾನ್ ಫೋದಿಯೊ ಎಂಬ ಫುಲಾನಿ ಧರ್ಮಪಂಡಿತರು ಧರ್ಮಯುದ್ಧ ಸಾರಿ ಸೊಕೋಟೊ ಸುಲ್ತಾನರ ಆಳ್ವಿಕೆಗೆ ಬುನಾದಿ ಹಾಕಿದರು. ಸರಿಯಾಗಿ ನೂರು ವರ್ಷವೂ ತುಂಬುವ ಮೊದಲೇ, 1903ರಲ್ಲಿ, ಬ್ರಿಟಿಷರು ಸೊಕೋಟೊವನ್ನು ಗೆದ್ದರು. ಗೆದ್ದರೂ ಅಮೀರರನ್ನು ಇಳಿಸಲಿಲ್ಲ. ಅವರ ಮೂಲಕವೇ ಆಳಿದರು, ಮುಸಲ್ಮಾನ ಸೀಮೆಗಳಿಗೆ ಕ್ರೈಸ್ತ ಧರ್ಮಪ್ರಚಾರಕರು ಕಾಲಿಡದಂತೆ ನೋಡಿಕೊಂಡರು. ದಕ್ಷಿಣದಲ್ಲಿ ಅದಕ್ಕೆ ವಿರುದ್ಧವಾದುದು ನಡೆಯಿತು. ಐರ್ಲೆಂಡಿನಿಂದ ಬಂದ ಪವಿತ್ರಾತ್ಮ ಸಭೆಯ ಗುರುಗಳು ಇಗ್ಬೊ ಜನರ ನಡುವೆ ಊರೂರಿಗೆ ಶಾಲೆ ತೆರೆದರು. ಶಾಲೆಯ ಹಿಂದೆ ದೇವಾಲಯ ಬಂತು. 1914ರಲ್ಲಿ ಲಾರ್ಡ್ ಲುಗಾರ್ಡ್ ಎಂಬ ಗವರ್ನರರು ಉತ್ತರ ದಕ್ಷಿಣಗಳನ್ನು ಒಂದೇ ಆಡಳಿತಕ್ಕೆ ಸೇರಿಸಿದಾಗ ಒಂದು ಕಡೆ ಅರಬ್ಬಿ ಅಕ್ಷರ ಬಲ್ಲ ಜನ, ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರ ಬಲ್ಲ ಜನ. ಸರ್ಕಾರಿ ನೌಕರಿ, ರೈಲ್ವೆ, ಅಂಚೆ ಎಲ್ಲವೂ ಇಂಗ್ಲಿಷ್ ಬಲ್ಲವರ ಪಾಲಾದವು. ಉತ್ತರದವರ ಮನಸ್ಸಿನಲ್ಲಿ ಭಯ ಹುಟ್ಟಿದ್ದು ಅಲ್ಲಿ.

ಇವೆರಡರ ನಡುವೆ ಒಂದು ಅಗಲವಾದ ನಡುಪಟ್ಟಿಯಿದೆ. ಪ್ಲೇಟೊ, ಬೆನುವೆ, ದಕ್ಷಿಣ ಕಡೂನಾ ಮುಂತಾದ ಪ್ರದೇಶಗಳು. ಇಲ್ಲಿನ ಅನೇಕ ಸಣ್ಣಪುಟ್ಟ ಬುಡಕಟ್ಟುಗಳು ಅಮೀರರ ಕುದುರೆ ಸವಾರರಿಗೆ ಹೆದರಿ ಗುಡ್ಡಗಳನ್ನು ಸೇರಿಕೊಂಡು ಬದುಕುಳಿದವರು. ಬಳಿಕ ಇವರಲ್ಲಿ ಹೆಚ್ಚಿನವರು ಕ್ರೈಸ್ತರಾದರು. ಇಂದು ನಾವು ಓದುವ ಸಾವುನೋವುಗಳ ಬಹುಪಾಲು ನಡೆಯುವುದು ಈ ನಡುಪಟ್ಟಿಯಲ್ಲೇ. ಅಜ್ಜನ ಕಾಲದ ಗುಲಾಮಗಿರಿಯ ನೆನಪು ಮೊಮ್ಮಗನ ಕಾಲದ ಓಟಿನ ರಾಜಕೀಯದೊಂದಿಗೆ ಬೆರೆತಾಗ ಏನಾಗುತ್ತದೆ ಎಂಬುದನ್ನು ಇಲ್ಲಿ ಕಾಣಬಹುದು.

1960ರಲ್ಲಿ ಸ್ವಾತಂತ್ರ್ಯ ಬಂತು. ಆರೇ ವರ್ಷಗಳಲ್ಲಿ ಸೇನೆ ಕೈಹಾಕಿತು. 1966ರ ಜನವರಿಯ ಕ್ಷಿಪ್ರಕ್ರಾಂತಿಯಲ್ಲಿ ಪ್ರಧಾನಿ ಬಲೇವ ಮತ್ತು ಉತ್ತರದ ಮುಖ್ಯಮಂತ್ರಿ ಅಹ್ಮದು ಬೆಲ್ಲೊ ಹತರಾದರು. ಕ್ರಾಂತಿಯ ಮುಂದಾಳುಗಳಲ್ಲಿ ಹೆಚ್ಚಿನವರು ಇಗ್ಬೊಗಳೆಂಬ ಕಾರಣಕ್ಕೆ ಉತ್ತರದ ಪಟ್ಟಣಗಳಲ್ಲಿ ಸಾವಿರಾರು ಇಗ್ಬೊಗಳನ್ನು ಕೊಚ್ಚಿಹಾಕಲಾಯಿತು. 1967ರಿಂದ 1970ರವರೆಗೆ ಬಿಯಾಫ್ರಾ ಯುದ್ಧ ನಡೆಯಿತು. ಹಸಿವಿನಿಂದಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. ಕಾರಿತಾಸ್ ಮತ್ತು ಪ್ರೊಟೆಸ್ಟಂಟ್ ಸಭೆಗಳು ಜೊತೆಗೂಡಿ ಸಾವೊ ತೊಮೆ ದ್ವೀಪದಿಂದ ರಾತ್ರಿಯ ಕತ್ತಲಿನಲ್ಲಿ ವಿಮಾನಗಳಲ್ಲಿ ಆಹಾರ ಸಾಗಿಸಿದ ಕಥೆಯನ್ನು ನಮ್ಮ ಹಿರಿಯ ಓದುಗರಲ್ಲಿ ಕೆಲವರಾದರೂ ಬಲ್ಲರು. ಆದರೆ ಅಂದು ಇಗ್ಬೊ ಕಥೋಲಿಕರ ವಿರುದ್ಧ ಯುದ್ಧ ನಡೆಸಿದ ನೈಜೀರಿಯಾದ ಸೇನಾಡಳಿತಗಾರ ಯಾಕುಬು ಗೋವನ್ ಕೂಡ ಕ್ರೈಸ್ತರೇ, ಪ್ಲೇಟೊ ಸೀಮೆಯ ಧರ್ಮಪ್ರಚಾರಕರ ಮಗ ಎಂಬುದನ್ನು ಮರೆಯುವಂತಿಲ್ಲ. ನೈಜೀರಿಯಾದಲ್ಲಿ ಯಾವ ಗೆರೆಯೂ ನೇರವಾಗಿ ಎಳೆದಂತಿಲ್ಲ.

ಜನಸಂಖ್ಯೆಯ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಇಪ್ಪತ್ತು ಕೋಟಿಗೂ ಹೆಚ್ಚು ಜನರಿರುವ ಆ ದೇಶದಲ್ಲಿ ಮುಸಲ್ಮಾನರೂ ಕ್ರೈಸ್ತರೂ ಹೆಚ್ಚುಕಡಿಮೆ ಸಮಸಮ ಎನ್ನುತ್ತಾರೆ. ಯಾರು ಹೆಚ್ಚು ಎಂಬುದು ಅಧಿಕೃತವಾಗಿ ಯಾರಿಗೂ ತಿಳಿಯದು. 1963ರ ನಂತರದ ಅಧಿಕೃತ ಗಣತಿಗಳಾದ 1991 ಮತ್ತು 2006ರ ಜನಗಣತಿಗಳಲ್ಲಿ ಧರ್ಮದ ಪ್ರಶ್ನೆಯನ್ನೇ ಕೇಳಲಿಲ್ಲ, ಕೇಳಿದರೆ ರಕ್ತ ಹರಿದೀತೆಂಬ ಅಂಜಿಕೆಯಿಂದ. ಬದುಕಿರುವವರನ್ನು ಧರ್ಮದ ಪ್ರಕಾರ ಎಣಿಸಲು ಹೆದರುವ ದೇಶದಲ್ಲಿ ಸತ್ತವರನ್ನು ಮಾತ್ರ ಎಲ್ಲರೂ ಧರ್ಮದ ಪ್ರಕಾರವೇ ಎಣಿಸುತ್ತಾರೆ. ನಾವೂ ಇಲ್ಲಿ ಕುಳಿತು ಹಾಗೆಯೇ ಎಣಿಸುತ್ತೇವೆ. ಈ ವಾರ ನಾವು ಆಡಬೇಕೆಂದಿರುವ ಮಾತು ಮುಖ್ಯವಾಗಿ ಇದರ ಬಗ್ಗೆ.

ನಡುಪಟ್ಟಿಯ ಪ್ಲೇಟೊ ರಾಜ್ಯದ ರಾಜಧಾನಿ ಜೋಸ್. ಎತ್ತರದ ಮೇಲಿರುವ ತಂಪಾದ ಊರು. ಶಾಂತಿ ಮತ್ತು ಪ್ರವಾಸೋದ್ಯಮದ ಮನೆ ಎಂಬುದು ಆ ರಾಜ್ಯ ತನಗೆ ಇಟ್ಟುಕೊಂಡ ಬಿರುದು! ಬ್ರಿಟಿಷರು ಇಲ್ಲಿ ತವರದ ಗಣಿ ತೆರೆದಾಗ ಉತ್ತರದಿಂದ ಹೌಸಾ ಮುಸಲ್ಮಾನರು ಕೂಲಿಗೆ, ವ್ಯಾಪಾರಕ್ಕೆ ಬಂದು ನೆಲೆಸಿದರು. ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಇಲ್ಲಿಯೇ ಹುಟ್ಟಿದರು. ಆದರೂ ಅವರು ಇಲ್ಲಿಯವರಲ್ಲ. ಏಕೆಂದರೆ ನೈಜೀರಿಯಾದಲ್ಲಿ ಪ್ರಜೆಯಾಗಿರುವುದು ಸಾಲದು, 'ಮೂಲನಿವಾಸಿ'ಯೂ ಆಗಿರಬೇಕು. ಸ್ಥಳೀಯ ಆಡಳಿತದಿಂದ ಅದಕ್ಕೊಂದು ಪ್ರಮಾಣಪತ್ರ ಪಡೆಯಬೇಕು. ಆ ಕಾಗದವಿದ್ದರೆ ಸರ್ಕಾರಿ ನೌಕರಿ, ವಿದ್ಯಾರ್ಥಿವೇತನ, ಕಾಲೇಜಿನ ಸೀಟು. ಇಲ್ಲದಿದ್ದರೆ ಹುಟ್ಟಿದೂರಿನಲ್ಲಿಯೇ ಪರಕೀಯ. ಎಲ್ಲ ಪ್ರದೇಶಗಳಿಗೂ ಅಧಿಕಾರದಲ್ಲಿ ಪಾಲು ಸಿಗಲೆಂದು 1979ರ ಸಂವಿಧಾನ ತಂದ ನಿಯಮ ಒಳ್ಳೆಯ ಉದ್ದೇಶದ್ದೇ ಆಗಿತ್ತು. ಅದು ಕೆಳಗಿಳಿದು ತಾಲ್ಲೂಕು ಕಚೇರಿಯ ಮಟ್ಟಕ್ಕೆ ಬರುವಷ್ಟರಲ್ಲಿ ಯಾರಿಗೆ ಆ ಕಾಗದ, ಯಾರಿಗಿಲ್ಲ ಎಂಬ ಜಗಳವಾಯಿತು. ಜೋಸ್‌ನಲ್ಲಿ ಕಾಗದ ಕೊಡುವ ಕೈ ಬಹುಮಟ್ಟಿಗೆ ಕ್ರೈಸ್ತರದು, ಬೇಡುವ ಕೈ ಮುಸಲ್ಮಾನರದು. ಉತ್ತರದ ಅನೇಕ ಊರುಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಮೂರು ತಲೆಮಾರು ಬದುಕಿದ ಕ್ರೈಸ್ತ ಕುಟುಂಬಕ್ಕೆ ಆ ಕಾಗದವಿಲ್ಲ.

2001ರ ಸೆಪ್ಟೆಂಬರ್‌ನಲ್ಲಿ ಜೋಸ್ ಹೊತ್ತಿ ಉರಿದುದಕ್ಕೆ ಮೂಲ ಬೈಬಲ್ಲಿನಲ್ಲೂ ಇರಲಿಲ್ಲ, ಕುರ್‌ಆನಿನಲ್ಲೂ ಇರಲಿಲ್ಲ. ಬಡತನ ನಿವಾರಣಾ ಯೋಜನೆಯ ಸ್ಥಳೀಯ ಅಧಿಕಾರಿಯ ಹುದ್ದೆಗೆ ಒಬ್ಬ ಹೌಸಾ ವ್ಯಕ್ತಿಯನ್ನು ನೇಮಿಸಿದ್ದು ಅದರ ಮೂಲ. ಬಡತನ ನಿವಾರಣೆಯ ಹುದ್ದೆ! ಆರು ದಿನಗಳಲ್ಲಿ ಸುಮಾರು ಸಾವಿರ ಜನ ಸತ್ತರು.

ಅದೇ ಪ್ಲೇಟೊ ರಾಜ್ಯದ ಯೆಲ್ವ ಎಂಬ ಊರಿನಲ್ಲಿ 2004ರ ಫೆಬ್ರವರಿಯಲ್ಲಿ ಮುಸಲ್ಮಾನರ ಸಶಸ್ತ್ರ ಗುಂಪು 75ಕ್ಕೂ ಹೆಚ್ಚು ಕ್ರೈಸ್ತರನ್ನು ಕೊಂದಿತು. ಅವರಲ್ಲಿ ಅನೇಕರು ಚರ್ಚಿನ ಆವರಣದಲ್ಲಿ ಆಶ್ರಯ ಪಡೆದಿದ್ದವರು. ಇದನ್ನು ನಾವು ಕೇಳಿದ್ದೇವೆ, ಕಣ್ಣೀರು ಹಾಕಿದ್ದೇವೆ. ಎರಡು ತಿಂಗಳ ಬಳಿಕ, ಮೇ ತಿಂಗಳ ಆರಂಭದಲ್ಲಿ, ಕ್ರೈಸ್ತರ ಸಶಸ್ತ್ರ ಗುಂಪುಗಳು ಅದೇ ಯೆಲ್ವವನ್ನು ಸುತ್ತುವರಿದು ಸುಮಾರು 700 ಮುಸಲ್ಮಾನರನ್ನು ಕೊಂದವು, ಹೆಂಗಸರನ್ನು ಹೊತ್ತೊಯ್ದವು. ಈ ಲೆಕ್ಕ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಸ್ಥಳಕ್ಕೆ ಹೋಗಿ ವಿಚಾರಿಸಿ ಬರೆದಿಟ್ಟದ್ದು. ಇದನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಯಾವ ದೇವಾಲಯದಲ್ಲಿ ಇವರಿಗಾಗಿ ಪ್ರಾರ್ಥಿಸಲಾಯಿತು? ವಾರ ಕಳೆಯುವುದರೊಳಗೆ ಸುದ್ದಿ ಕಾನೋ ನಗರಕ್ಕೆ ಮುಟ್ಟಿತು. ಅಲ್ಲಿ ಯೆಲ್ವದ ಹೆಸರನ್ನೂ ಕೇಳಿರದ 200ಕ್ಕೂ ಹೆಚ್ಚು ಕ್ರೈಸ್ತರು ಯೆಲ್ವಕ್ಕಾಗಿ ಪ್ರಾಣ ತೆತ್ತರು.

2010ರ ಜನವರಿಯಲ್ಲಿ ಜೋಸ್ ಸಮೀಪದ ಕುರು ಕರಾಮ ಎಂಬ ಹಳ್ಳಿಯಲ್ಲಿ 150ಕ್ಕೂ ಹೆಚ್ಚು ಮುಸಲ್ಮಾನರನ್ನು ಕೊಂದು ಶವಗಳನ್ನು ಬಾವಿಗಳಿಗೂ ಮಲಗುಂಡಿಗಳಿಗೂ ಹಾಕಲಾಯಿತು. ಮಾರ್ಚ್‌ನಲ್ಲಿ ದೋಗೊ ನಹಾವ ಮತ್ತು ನೆರೆಯ ಹಳ್ಳಿಗಳಲ್ಲಿ ರಾತ್ರಿ ಮಲಗಿದ್ದ ಬೆರೋಂ ಕ್ರೈಸ್ತರನ್ನು, ಅವರ ಹಸುಗೂಸುಗಳನ್ನು ಕತ್ತಿಯಿಂದ ಕಡಿದು ಕೊಂದರು. ಸತ್ತವರು ಇನ್ನೂರರ ಆಸುಪಾಸು. ದೋಗೊ ನಹಾವದ ಚಿತ್ರಗಳು ಜಗತ್ತಿನ ಕ್ರೈಸ್ತ ಪತ್ರಿಕೆಗಳಲ್ಲೆಲ್ಲ ಬಂದವು. ಕುರು ಕರಾಮದ ಬಾವಿಗಳ ಚಿತ್ರಗಳು ಮುಸ್ಲಿಂ ಪತ್ರಿಕೆಗಳಲ್ಲಿ ಬಂದವು. ಒಂದೇ ಪುಟದಲ್ಲಿ ಎರಡನ್ನೂ ನೋಡಿದವರು ವಿರಳ.

ಇದನ್ನು ಬರೆಯುವಾಗ ನಮ್ಮ ಮೇಲೆ ಒಂದು ಆಕ್ಷೇಪ ಬರಬಹುದೆಂದು ಬಲ್ಲೆವು. ಎರಡೂ ಕಡೆಯ ಪಾಪವನ್ನು ತಕ್ಕಡಿಯಲ್ಲಿಟ್ಟು ಸಮ ಮಾಡಿ, ನಮ್ಮವರ ಕಷ್ಟವನ್ನು ಹಗುರಗೊಳಿಸುತ್ತಿದ್ದೀರಿ ಎಂದು ಕೆಲವರು ಹೇಳಿಯಾರು. ಹಾಗಲ್ಲ. ಉತ್ತರ ನೈಜೀರಿಯಾದಲ್ಲಿ ಕ್ರೈಸ್ತನಾಗಿರುವುದು ಸುಲಭವಲ್ಲ. 1999ರಲ್ಲಿ ಸೇನಾಡಳಿತ ಮುಗಿದು ಚುನಾವಣೆ ಬಂದೊಡನೆ ಝಂಫಾರಾ ರಾಜ್ಯದ ಗವರ್ನರರು ಷರಿಯತ್ ಕ್ರಿಮಿನಲ್ ಕಾನೂನನ್ನು ಘೋಷಿಸಿದರು. ಒಂದಾದ ಮೇಲೊಂದರಂತೆ ಹನ್ನೆರಡು ರಾಜ್ಯಗಳು ಅದನ್ನು ಹಿಡಿದವು. 2000ದ ಫೆಬ್ರವರಿಯಲ್ಲಿ ಇದನ್ನು ವಿರೋಧಿಸಿ ಕಡೂನಾದಲ್ಲಿ ಕ್ರೈಸ್ತರು ಮೆರವಣಿಗೆ ನಡೆಸಿದ ಬಳಿಕ ಎದ್ದ ಗಲಭೆಗಳಲ್ಲಿ ಸಾವಿರಕ್ಕೂ ಮಿಕ್ಕಿ ಜನ ಸತ್ತರು. 2011ರ ಕ್ರಿಸ್ತಜಯಂತಿಯ ಬೆಳಿಗ್ಗೆ ಅಬುಜಾ ಬಳಿಯ ಮಡಲ್ಲದ ಸಂತ ತೆರೇಸಾ ದೇವಾಲಯದಿಂದ ಹೊರಬರುತ್ತಿದ್ದ ಭಕ್ತರ ಮೇಲೆ ಬೊಕೊ ಹರಾಮ್ ಬಾಂಬು ಸಿಡಿಸಿತು. ಸುಮಾರು ನಲವತ್ತು ಜನ ಸತ್ತರು. 2022ರ ಮೇ ತಿಂಗಳಲ್ಲಿ ಸೊಕೋಟೊದ ಕಾಲೇಜೊಂದರಲ್ಲಿ ಪ್ರವಾದಿನಿಂದೆಯ ಆರೋಪ ಹೊರಿಸಿ ಸಹಪಾಠಿಗಳೇ ಒಬ್ಬ ಕ್ರೈಸ್ತ ವಿದ್ಯಾರ್ಥಿನಿಯನ್ನು ಹೊಡೆದು ಕೊಂದು ಸುಟ್ಟರು. ಅದನ್ನು ಖಂಡಿಸಿದ ಧರ್ಮಾಧ್ಯಕ್ಷ ಕುಕಾ ಅವರ ಪ್ರಧಾನಾಲಯದ ಮೇಲೆ ಗುಂಪು ಕಲ್ಲು ತೂರಿತು. ಇವನ್ನೆಲ್ಲ ಹುಲ್ಲುಗಾವಲಿನ ಜಗಳವೆಂದು ಕರೆದರೆ ಸತ್ಯಕ್ಕೆ ದ್ರೋಹ ಬಗೆದಂತೆ. ಕೊಲ್ಲುವವನು ದೇವರ ಹೆಸರು ಕೂಗಿ ಕೊಂದಾಗ, ಸಾಯುವವನು ಬಲಿಪೀಠದ ಮುಂದೆ ಸತ್ತಾಗ, ಅಲ್ಲಿ ಧರ್ಮವಿಲ್ಲವೆನ್ನಲು ನಾವು ಯಾರು?

ಬೆನುವೆ ರಾಜ್ಯದ ಸ್ಥಿತಿ ಇನ್ನೊಂದು ಬಗೆಯದು. ಉತ್ತರದಲ್ಲಿ ಮರಳುಗಾಡು ಹರಡುತ್ತ ಹುಲ್ಲು ಕಡಿಮೆಯಾದಂತೆ ಫುಲಾನಿ ದನಗಾಹಿಗಳು ತೆಂಕಣಕ್ಕೆ ಬಂದರು. ಬೆನುವೆಯಲ್ಲಿ ಹೊಲ ಉಳುವ ತಿವ್ ಜನ ಬಹುಮಟ್ಟಿಗೆ ಕ್ರೈಸ್ತರು, ಅವರಲ್ಲಿ ಕಥೋಲಿಕರೇ ಹೇರಳ. ದನ ಬೆಳೆ ಮೇಯುವುದು, ದನ ಕದಿಯುವುದು, ಇವು ಹಿಂದೆಯೂ ಇದ್ದವು. ಊರ ಹಿರಿಯರು ಕುಳಿತು ದಂಡ ಹಾಕಿ ಮುಗಿಸುತ್ತಿದ್ದರು. ಕೋಲಿನ ಜಾಗಕ್ಕೆ ಬಂದೂಕು ಬಂದ ಮೇಲೆ ಅದು ಮುಗಿಯಲಿಲ್ಲ. 2017ರಲ್ಲಿ ಬೆನುವೆ ಸರ್ಕಾರ ಬಯಲು ಮೇವನ್ನು ನಿಷೇಧಿಸಿತು. 2018ರ ಹೊಸವರ್ಷದ ದಿನ 70ಕ್ಕೂ ಹೆಚ್ಚು ರೈತರ ಹತ್ಯೆಯಾಯಿತು. ಅದೇ ಏಪ್ರಿಲ್‌ನಲ್ಲಿ ಅಯಾರ್ ಮ್ಬಲೋಂ ಎಂಬಲ್ಲಿ ಮುಂಜಾನೆಯ ಪೂಜೆಯ ವೇಳೆ ದಾಳಿ ನಡೆದು ಇಬ್ಬರು ಗುರುಗಳೂ ಹದಿನೇಳು ಭಕ್ತರೂ ಹತರಾದರು. 2025ರ ಜೂನ್ 13ರ ರಾತ್ರಿ ಯೆಲ್ವಾಟ ಎಂಬ ಊರಿನಲ್ಲಿ ಮಾರುಕಟ್ಟೆಯ ಕೋಣೆಗಳಲ್ಲಿ ಮಲಗಿದ್ದ ನಿರಾಶ್ರಿತ ಕುಟುಂಬಗಳನ್ನು ಕೊಂದು ಸುಟ್ಟರು. ಎರಡು ದಿನಗಳ ಬಳಿಕ ವಿಶ್ವಗುರು ಹದಿನಾಲ್ಕನೆಯ ಲಿಯೊ ಅವರು ಸುಮಾರು 200 ಮಂದಿಯ ಹತ್ಯೆಯೆಂದು ನುಡಿದು ಅವರಿಗಾಗಿ ಪ್ರಾರ್ಥಿಸಿದರು. ಮಕುರ್ಡಿಯ ಧರ್ಮಾಧ್ಯಕ್ಷರು ದಿನನಿತ್ಯ ಕಾಣುವುದು ಖಾಲಿಯಾದ ಇಂತಹ ಊರುಗಳನ್ನು, ಮುಚ್ಚಿದ ಧರ್ಮಕೇಂದ್ರಗಳನ್ನು. ಅವರಿಗೆ ಇದು ಹುಲ್ಲಿನ ಜಗಳವೆಂದು ತೋರದಿದ್ದರೆ ಆಶ್ಚರ್ಯವಿಲ್ಲ.

ಸೊಕೋಟೊದ ಧರ್ಮಾಧ್ಯಕ್ಷರ ಕಿಟಕಿಯಿಂದ ಕಾಣುವ ದೃಶ್ಯ ಬೇರೆ. ಅವರು ಮುಸಲ್ಮಾನರ ಮಹಾಸಾಗರದ ನಡುವೆ ಒಂದು ಪುಟ್ಟ ಮಂದೆಯ ಕುರಿಗಾಹಿ. ಅವರು ಹೆದರಿ ಮೃದುವಾಗಿ ಮಾತನಾಡುವವರೆಂದು ಯಾರೂ ಭಾವಿಸಬೇಕಾಗಿಲ್ಲ. 2020ರ ಕ್ರಿಸ್ತಜಯಂತಿಯ ಸಂದೇಶದಲ್ಲಿ ಅಧ್ಯಕ್ಷ ಬುಹಾರಿಯವರ ಸ್ವಜನ ಪಕ್ಷಪಾತವನ್ನು ಹೆಸರಿಟ್ಟು ಟೀಕಿಸಿ ಆಳುವವರ ಕೋಪಕ್ಕೆ ಗುರಿಯಾದವರು ಅವರು. ಅವರ ಸುತ್ತ ಸಾಯುತ್ತಿರುವವರಲ್ಲಿ ಮುಸಲ್ಮಾನರೇ ಹೆಚ್ಚು. ಷರಿಯತ್ತನ್ನು ಮೊದಲು ಘೋಷಿಸಿದ ಝಂಫಾರಾದಲ್ಲಿ 2000ದಲ್ಲಿ ಹಸು ಕದ್ದ ಒಬ್ಬ ಬಡವನ ಕೈ ಕತ್ತರಿಸಿದರು. ಸರ್ಕಾರದ ಬೊಕ್ಕಸಕ್ಕೆ ಕನ್ನ ಹಾಕಿದ ಯಾವ ದೊಡ್ಡವರ ಕೈಯನ್ನೂ ಯಾರೂ ಕತ್ತರಿಸಲಿಲ್ಲ. ಇಂದು ಅದೇ ಝಂಫಾರಾ ಡಕಾಯಿತರ ಸೀಮೆ. 2021ರ ಫೆಬ್ರವರಿಯಲ್ಲಿ ಅಲ್ಲಿನ ಜಂಗೆಬೆ ಎಂಬ ಊರಿನ ಶಾಲೆಯಿಂದ 279 ಬಾಲಕಿಯರನ್ನು ಹೊತ್ತೊಯ್ದರು; ಕೆಲವೇ ದಿನಗಳಲ್ಲಿ ಅವರು ಮರಳಿದರೆಂಬುದು ಸಮಾಧಾನ. ಆ ಮಕ್ಕಳೂ ಮುಸಲ್ಮಾನರ ಮಕ್ಕಳು, ಹೊತ್ತೊಯ್ದವರೂ ಅದೇ ಧರ್ಮದವರು. 2014ರ ನವೆಂಬರ್‌ನಲ್ಲಿ ಕಾನೋದ ದೊಡ್ಡ ಮಸೀದಿಯಲ್ಲಿ ಶುಕ್ರವಾರದ ನಮಾಜಿನ ವೇಳೆ ಬಾಂಬು ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಚಿಬೊಕ್‌ನ 276 ಬಾಲಕಿಯರ ಹೆಸರು ಜಗತ್ತಿಗೆ ಗೊತ್ತು. ಅದೇ ವರ್ಷದ ಕಾನೋ ಮಸೀದಿಯ ಸಾವುಗಳು ಕಾನೋದವರಿಗೆ ಮಾತ್ರ ಗೊತ್ತು. 2025ರ ನವೆಂಬರ್‌ನಲ್ಲಿ ಪಾಪಿರಿಯ ಸಂತ ಮರಿಯ ಕಥೋಲಿಕ ಶಾಲೆಯಿಂದ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು, 12 ಶಿಕ್ಷಕರನ್ನು ಅಪಹರಿಸಿದಾಗ ನಾವೆಲ್ಲ ಮೊಣಕಾಲೂರಿದೆವು. ಕ್ರಿಸ್ತಜಯಂತಿಗೆ ಮುಂಚೆ ಅವರು ಬಿಡುಗಡೆಯಾದರೆಂಬ ಸುದ್ದಿ ಬಂದಾಗ ದೇವರಿಗೆ ವಂದನೆ ಸಲ್ಲಿಸಿದೆವು. ಮಾಡಬೇಕಾದದ್ದೇ. ಜಂಗೆಬೆಗೂ ಅದನ್ನು ಮಾಡಿದ್ದರೆ ಆ ಪ್ರಾರ್ಥನೆ ಕಡಿಮೆಯಾಗುತ್ತಿತ್ತೆ?

ಇಷ್ಟೆಲ್ಲ ಏಕೆ ನಿಲ್ಲುವುದಿಲ್ಲ? ಒಂದು ಕಾರಣವಂತೂ ಕಣ್ಣೆದುರಿಗಿದೆ. ಕೊಂದವರಿಗೆ ಶಿಕ್ಷೆಯಾಗುವುದಿಲ್ಲ. ಜೋಸ್‌ನ ಪ್ರತಿ ಗಲಭೆಯ ನಂತರವೂ ಒಬ್ಬ ನ್ಯಾಯಮೂರ್ತಿಯ ನೇತೃತ್ವದಲ್ಲಿ ವಿಚಾರಣಾ ಆಯೋಗ ನೇಮಕವಾಯಿತು: 1994ಕ್ಕೆ ಒಂದು, 2001ಕ್ಕೆ ಒಂದು, 2008ಕ್ಕೆ ಒಂದು. ಸಾಕ್ಷಿಗಳು ಬಂದರು, ಅತ್ತರು, ದಪ್ಪದಪ್ಪ ವರದಿಗಳು ತಯಾರಾದವು, ಕಪಾಟು ಸೇರಿದವು. 1992ರಲ್ಲಿ ಸಂತೆಯ ಜಾಗ ಬದಲಿಸುವ ವಿಷಯಕ್ಕೆ ಝಂಗೊನ್ ಕತಾಫ್‌ನಲ್ಲಿ ಹತ್ಯಾಕಾಂಡ ನಡೆದಾಗ ಸೇನಾ ಸರ್ಕಾರ ವಿಶೇಷ ನ್ಯಾಯಮಂಡಳಿ ನೇಮಿಸಿ ಕೆಲವರಿಗೆ ಮರಣದಂಡನೆಯನ್ನೂ ವಿಧಿಸಿ ಬಳಿಕ ಅದನ್ನು ಇಳಿಸಿತು. ಒಂದು ಕಡೆಯವರನ್ನೇ ಗುರಿ ಮಾಡಿದ ನ್ಯಾಯವದೆಂದು ಕ್ರೈಸ್ತರಿಗೆ ಅನಿಸಿತು. ಬೊಕೊ ಹರಾಮ್‌ನ ಸ್ಥಾಪಕ ಮೊಹಮ್ಮದ್ ಯೂಸುಫ್ 2009ರಲ್ಲಿ ಪೊಲೀಸರ ವಶದಲ್ಲಿರುವಾಗಲೇ ವಿಚಾರಣೆಯಿಲ್ಲದೆ ಕೊಲೆಯಾದ. ಅವನನ್ನು ನ್ಯಾಯಾಲಯದ ಕಟಕಟೆಗೆ ತಂದಿದ್ದರೆ ಅವನ ಹಿಂಬಾಲಕರು ಅವನನ್ನು ಹುತಾತ್ಮನನ್ನಾಗಿ ಮಾಡುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಕಾನೂನು ಶಿಕ್ಷಿಸದ ದೇಶದಲ್ಲಿ ತಂದೆಯನ್ನು ಕಳೆದುಕೊಂಡ ಮಗ ತಾನೇ ಶಿಕ್ಷಿಸಲು ಹೊರಡುತ್ತಾನೆ. ತಂದೆಯನ್ನು ಕೊಂದವನು ಸಿಗದಿದ್ದರೆ ಕೊಂದವನ ಧರ್ಮದವನೊಬ್ಬ ಸಿಕ್ಕರೂ ಅವನಿಗೆ ಸಾಕು.

ಇದರಿಂದ ರಾಜಕಾರಣಿಗೆ ನಷ್ಟವಿಲ್ಲ. ತೈಲದ ಹಣ ಕೇಂದ್ರಕ್ಕೆ ಬಂದು ಅಲ್ಲಿಂದ ರಾಜ್ಯಗಳಿಗೆ, ತಾಲ್ಲೂಕುಗಳಿಗೆ ಹರಿಯುವ ವ್ಯವಸ್ಥೆಯಲ್ಲಿ ಕುರ್ಚಿ ಹಿಡಿದವನೇ ಎಲ್ಲ. ಕುರ್ಚಿಗಾಗಿ ಜನರನ್ನು ಕಲೆಹಾಕಲು ಧರ್ಮದಷ್ಟು ಅಗ್ಗವಾದ ಸಾಧನ ಬೇರೊಂದಿಲ್ಲ. ಆದರೆ ಜನ ಯಾವಾಗಲೂ ಈ ಗಾಳಕ್ಕೆ ಬಿದ್ದವರಲ್ಲ ಎಂಬುದಕ್ಕೂ ನಿದರ್ಶನವಿದೆ. 1993ರ ಜೂನ್ 12ರ ಚುನಾವಣೆಯಲ್ಲಿ ಅಬಿಯೋಲ ಮತ್ತು ಕಿಂಗಿಬೆ ಎಂಬ ಇಬ್ಬರು ಮುಸಲ್ಮಾನರು ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳಿಗೆ ಜೋಡಿಯಾಗಿ ನಿಂತಾಗ ಕ್ರೈಸ್ತರು ಕೂಡ ಅವರಿಗೆ ಧಾರಾಳವಾಗಿ ಮತ ಹಾಕಿದರು. ದಕ್ಷಿಣದವನಾದ ಅಬಿಯೋಲ ಎದುರಾಳಿಯ ತವರಾದ ಕಾನೋದಲ್ಲಿಯೂ ಗೆದ್ದರು. ಅದನ್ನು ರದ್ದುಪಡಿಸಿದ್ದು ಜನರಲ್ಲ, ಸೇನಾಡಳಿತಗಾರ ಬಬಂಗಿಡ. ಮೂವತ್ತು ವರ್ಷಗಳ ಬಳಿಕ, 2023ರಲ್ಲಿ, ತಿನುಬು ಮತ್ತು ಶೆಟ್ಟಿಮ ಎಂಬ ಇಬ್ಬರು ಮುಸಲ್ಮಾನರು ಅದೇ ರೀತಿ ನಿಂತಾಗ ಕ್ರೈಸ್ತ ಸಭೆಗಳು ಒಟ್ಟಾಗಿ ವಿರೋಧಿಸಿದವು. ತಿನುಬು ಅವರ ಪತ್ನಿಯೇ ಕ್ರೈಸ್ತ ಸಭೆಯೊಂದರ ಪಾಸ್ಟರ್ ಎಂಬುದು ಯಾರನ್ನೂ ಸಮಾಧಾನಪಡಿಸಲಿಲ್ಲ. ಉಪಾಧ್ಯಕ್ಷ ಅಭ್ಯರ್ಥಿಯನ್ನು ಪರಿಚಯಿಸುವ ಸಭೆಯಲ್ಲಿ ಧರ್ಮಾಧ್ಯಕ್ಷರ ನಿಲುವಂಗಿ ತೊಟ್ಟ ಕೆಲವರು ಕಾಣಿಸಿಕೊಂಡರು. ಅವರು ಯಾರೋ ತಮಗೆ ಗೊತ್ತಿಲ್ಲವೆಂದು ಕ್ರೈಸ್ತ ಸಭೆಗಳ ಒಕ್ಕೂಟ ಹೇಳಿ ದೇಶವೆಲ್ಲ ನಕ್ಕಿತು. ಅಂತೂ ತಿನುಬು ಗೆದ್ದರು. ಮತ ಹಾಕಲು ಬಂದವರು ನೋಂದಾಯಿತ ಮತದಾರರಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. 1993ರಲ್ಲಿ ನೈಜೀರಿಯಾದ ಕ್ರೈಸ್ತನಿಗೆ ಇದ್ದ ನಂಬಿಕೆಯೊಂದು ಈ ಮೂವತ್ತು ವರ್ಷಗಳ ಹೆಣಗಳ ಕೆಳಗೆ ಎಲ್ಲೋ ಹೂತುಹೋಗಿದೆ.

ಎಲ್ಲವೂ ಹೂತುಹೋಗಿಲ್ಲ. ಝಂಗೊನ್ ಕತಾಫ್‌ನಿಂದ ಹಬ್ಬಿದ 1992ರ ಗಲಭೆಯಲ್ಲಿ ಕಡೂನಾದ ಕ್ರೈಸ್ತ ಯುವಕರ ಮುಂದಾಳು ಜೇಮ್ಸ್ ವುಯೆ ತನ್ನ ಬಲಗೈಯನ್ನು ಕಳೆದುಕೊಂಡರು. ಎದುರು ಗುಂಪಿನ ಮುಂದಾಳು ಮುಹಮ್ಮದ್ ಅಶಾಫಾ ತನ್ನ ವೃದ್ಧ ಗುರುವನ್ನೂ ಇಬ್ಬರು ಸಂಬಂಧಿಕರನ್ನೂ ಕಳೆದುಕೊಂಡರು. ಒಬ್ಬರನ್ನೊಬ್ಬರು ಕೊಲ್ಲಲು ಕಾಯ್ದಿದ್ದ ಈ ಇಬ್ಬರು 1995ರಿಂದ ಜೊತೆಯಾಗಿ ಸರ್ವಧರ್ಮ ಸಂಧಾನ ಕೇಂದ್ರವೊಂದನ್ನು ನಡೆಸುತ್ತ ಊರೂರು ಅಲೆದರು. ಅವರ ಪ್ರಯತ್ನದಿಂದ 2002ರ ಆಗಸ್ಟ್‌ನಲ್ಲಿ ಕಡೂನಾದ ಧರ್ಮಗುರುಗಳೆಲ್ಲ ಶಾಂತಿ ಘೋಷಣೆಗೆ ಸಹಿ ಹಾಕಿದರು. ಮೂರೇ ತಿಂಗಳಲ್ಲಿ ವಿಶ್ವಸುಂದರಿ ಸ್ಪರ್ಧೆಯ ನೆಪದಲ್ಲಿ ಅದೇ ಕಡೂನಾದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು ಎಂಬುದನ್ನೂ ಹೇಳಬೇಕು. ಮರುದಿನವೂ ಅವರಿಬ್ಬರು ಕೆಲಸಕ್ಕೆ ಹೋದರು. ಜೋಸ್‌ನ ಮಹಾಧರ್ಮಾಧ್ಯಕ್ಷರಾಗಿದ್ದ ಇಗ್ನೇಷಿಯಸ್ ಕೈಗಾಮ ಅವರು ವಾಸೆಯ ಅಮೀರರೊಂದಿಗೆ ಸ್ನೇಹ ಬೆಳೆಸಿ, ಗಲಭೆಯ ದಿನಗಳಲ್ಲಿ ಜೊತೆಯಾಗಿ ಜನರ ಮುಂದೆ ನಿಂತರು. ಅದಕ್ಕಾಗಿ ತಮ್ಮವರಿಂದಲೇ ಬೈಸಿಕೊಂಡರು.

2018ರ ಜೂನ್ 23ರಂದು ಪ್ಲೇಟೊದ ಹಳ್ಳಿಯೊಂದರಲ್ಲಿ ದಾಳಿಕೋರರಿಂದ ತಪ್ಪಿಸಿಕೊಂಡು ಓಡಿಬಂದ 262 ಕ್ರೈಸ್ತರನ್ನು ಎಂಬತ್ತು ದಾಟಿದ ಇಮಾಮ್ ಅಬೂಬಕರ್ ಅಬ್ದುಲ್ಲಾಹಿ ತಮ್ಮ ಮನೆಯಲ್ಲಿಯೂ ಮಸೀದಿಯಲ್ಲಿಯೂ ಅಡಗಿಸಿಟ್ಟರು. ಬಾಗಿಲಿಗೆ ಬಂದವರು ತಮ್ಮದೇ ಧರ್ಮದವರು. ಒಳಗಿರುವವರನ್ನು ಕೊಲ್ಲುವುದಾದರೆ ಮೊದಲು ತನ್ನನ್ನು ಕೊಲ್ಲಿರೆಂದು ಆ ವೃದ್ಧರು ನೆಲಕ್ಕೆ ಬಿದ್ದು ಅಂಗಲಾಚಿದರು. ದಾಳಿಕೋರರು ಹಿಂದಿರುಗಿದರು. ಸಮಾರಿಯದವನ ಸಾಮತಿಯನ್ನು ನಾವು ಚಿಕ್ಕಂದಿನಿಂದ ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಆ ಸಾಮತಿಯಲ್ಲಿ ಗಾಯಗೊಂಡು ಬಿದ್ದವನ ಧರ್ಮ ಯಾವುದೆಂದು ಸ್ವಾಮಿ ಹೇಳಲಿಲ್ಲ. ನೆರವಾದವನ ಕುಲವನ್ನು ಮಾತ್ರ, ಕೇಳುವವರಿಗೆ ಇರಿಸುಮುರಿಸಾಗುವಂತೆ, ಹೇಳಿದರು.

ಮುಂದಿನ ಬಾರಿ ನಮ್ಮ ಯಾವುದೇ ಧರ್ಮಕೇಂದ್ರದಲ್ಲಿ ನೈಜೀರಿಯಾಕ್ಕಾಗಿ ಪ್ರಾರ್ಥನೆ ಬರೆಯುವವರಿಗೆ ನಮ್ಮದೊಂದು ವಿನಂತಿಯಿದೆ. ಓವೊ, ಮಡಲ್ಲ, ಯೆಲ್ವಾಟಗಳ ಹೆಸರಿನ ಜೊತೆಗೆ ಯೆಲ್ವ, ಕುರು ಕರಾಮ, ಕಾನೋ ಮಸೀದಿಯ ಹೆಸರುಗಳನ್ನೂ ಬರೆಯಿರಿ. ಕೊಂದವರಿಗೆ ಮನಪರಿವರ್ತನೆಯನ್ನು ಬೇಡುವಾಗ ಆ ದೇಶದ ನ್ಯಾಯಾಧೀಶರಿಗೂ ಪೊಲೀಸರಿಗೂ ಧೈರ್ಯವನ್ನು ಬೇಡಿರಿ.

ಓವೊದ ದೇವಾಲಯವನ್ನು ದುರಸ್ತಿ ಮಾಡಿ 2023ರ ಪಾಸ್ಕ ಹಬ್ಬಕ್ಕೆ ಮತ್ತೆ ತೆರೆದರು. ಆ ಹತ್ಯೆಗೆ ಮೂರು ವರ್ಷ ತುಂಬಿದ ಬಳಿಕ, 2025ರ ಆಗಸ್ಟ್‌ನಲ್ಲಿ, ಐವರು ಆರೋಪಿಗಳನ್ನು ಅಬುಜಾದ ನ್ಯಾಯಾಲಯದ ಮುಂದೆ ನಿಲ್ಲಿಸಲಾಯಿತು. ಜೋಸ್‌ನ ವರದಿಗಳು ಸೇರಿದ ಕಪಾಟನ್ನು ಈ ಕಡತವೂ ಸೇರುವುದೋ, ಇಲ್ಲವೋ. ಆ ನಲವತ್ತು ಕುಟುಂಬಗಳೊಂದಿಗೆ ಕುರು ಕರಾಮದ ಬಾವಿಯ ಬಳಿಯವರೂ ಅದನ್ನು ನೋಡುತ್ತಿರುತ್ತಾರೆ.